ಹಳೆಯ ಕನ್ನಡ ಕಾಮಿಕ್ಸ್ ಕಟ್ಟು: ದುರಸ್ತಿ, ಸ್ಕ್ಯಾನ್, ಕಲಾವಿದರ ಪತ್ತೆ

ಮೇಜಿನ ಮೇಲಿರುವ ಕಟ್ಟಿನಲ್ಲಿ ಎರಡು ಸರಣಿಗಳಿವೆ. ಒಂದು, ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚ್‌ನಲ್ಲಿ ಶುರುಮಾಡಿ 1990ರಲ್ಲಿ ನಿಲ್ಲಿಸಿದ ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಸಂಚಿಕೆಗಳು. ಇನ್ನೊಂದು, ಇಂಡಿಯಾ ಬುಕ್ ಹೌಸ್‌ನ ಅಮರ ಚಿತ್ರ ಕಥೆ. ಪಿನ್ನುಗಳಿಗೆ ತುಕ್ಕು ಹಿಡಿದಿದೆ, ಬೆನ್ನು ಸೀಳಿದೆ, ಸೀಳಿದ ಕಡೆಯೆಲ್ಲ ಯಾರೋ ಸೆಲ್ಲೋಟೇಪು ಬಡಿದಿದ್ದಾರೆ. ಕೆಲವಕ್ಕೆ ರಟ್ಟೇ ಇಲ್ಲ. ಬಾಡಿಗೆ ಲೈಬ್ರರಿಯವರು ಐದಾರು ಸಂಚಿಕೆ ಒಟ್ಟುಮಾಡಿ ದಬ್ಬಣದಲ್ಲಿ ಹೊಲಿದ ದಪ್ಪ ಸಂಪುಟವೂ ಒಂದಿದೆ.

ಇಂಥ ಕಟ್ಟು ರಿಪೇರಿ ಮಾಡುವವರು ಸಾಮಾನ್ಯವಾಗಿ ಕಥೆಯ ಪುಟಗಳನ್ನು ಜೋಪಾನ ಮಾಡಿ ಉಳಿದದ್ದನ್ನು ಕಸವೆಂದು ಎಸೆಯುತ್ತಾರೆ. ಯಾರು ಬರೆದರು, ಯಾರು ಬಿಡಿಸಿದರು, ಯಾವಾಗ ಅಚ್ಚಾಯಿತು ಎಂಬುದಕ್ಕೆ ಸಾಕ್ಷಿ ಇರುವುದು ಬಹುಮಟ್ಟಿಗೆ ಆ ಕಸದಲ್ಲೇ: ರಟ್ಟಿನ ಒಳಬದಿ, ಜಾಹೀರಾತು, ಪಿನ್ನಿನ ತೂತು, ಮಡಿಕೆಯೊಳಗೆ ಅಡಗಿದ ಅಂಚು. ಇಂದ್ರಜಾಲದಂಥ ಸರಣಿಯಲ್ಲಿ ಚಿತ್ರಕಾರರ ಹೆಸರು ಪುಟದಲ್ಲಿ ಸಿಗುವುದೇ ಅಪರೂಪ. ಹಾಗಾಗಿ ಇಲ್ಲಿ ದುರಸ್ತಿಯ ಕ್ರಮವೇ ಬೇರೆ. ಮೊದಲು ಸಾಕ್ಷಿ ಬರೆದಿಟ್ಟುಕೊಳ್ಳುವುದು, ಆಮೇಲೆ ಅಂಟು ಮುಟ್ಟುವುದು.

ಬಿಚ್ಚುವ ಮೊದಲು

ಪ್ರತಿ ಸಂಚಿಕೆಗೂ ಒಂದು ಚೀಟಿ. ಸರಣಿ, ಸಂಖ್ಯೆ, ಬೆಲೆ, ಮುದ್ರಕರ ಸಾಲು, ರಟ್ಟಿನ ನಾಲ್ಕೂ ಬದಿಯಲ್ಲಿ ಏನಿದೆ, ಲೈಬ್ರರಿಯ ಮೊಹರು, ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ಎಲ್ಲವೂ ಚೀಟಿಗೆ. ಮೊಬೈಲಿನಲ್ಲಿ ಒಂದು ಫೋಟೊ ಎದುರಿನಿಂದ, ಒಂದು ಬೆನ್ನಿನ ಕಡೆಯಿಂದ.

ಪುಟ ಎಣಿಸುವುದಕ್ಕೆ ಒಂದು ಸುಲಭ ಲೆಕ್ಕವಿದೆ. 32 ಪುಟದ ಕಾಮಿಕ್ಸ್ ಎಂದರೆ ನಡುವೆ ಮಡಿಸಿದ 8 ಹಾಳೆ, ಮೇಲೆ ರಟ್ಟಿನ 1 ಹಾಳೆ. ಬಿಚ್ಚಿದ ಹಾಳೆಯ ಒಂದು ಬದಿಯಲ್ಲಿ ಕಾಣುವ ಎರಡು ಪುಟಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ 33 ಬರಬೇಕು: 1ಕ್ಕೆ 32, 2ಕ್ಕೆ 31, ನಟ್ಟನಡುವೆ 16 ಮತ್ತು 17. 5ನೇ ಪುಟ ಇರುವ ಹಾಳೆ ಇಡೀ ಬಿದ್ದುಹೋಗಿದ್ದರೆ 6, 27, 28 ಕೂಡ ಇರುವುದಿಲ್ಲ. 5 ಇಲ್ಲ, 28 ಇದೆ ಎಂದಾದರೆ ಹಾಳೆ ಮಡಿಕೆಯಲ್ಲಿ ಹರಿದು ಅರ್ಧ ಮಾತ್ರ ಹೋಗಿದೆ. ಆ ಉಳಿದ ಅರ್ಧಕ್ಕೆ ಈಗ ಹಿಡಿತವೇ ಇಲ್ಲ, ಬಿಚ್ಚುವಾಗ ಜಾರಿ ಬೀಳುತ್ತದೆ ಎಂದು ಮೊದಲೇ ಗೊತ್ತಾದಂತಾಯಿತು.

ಆಮೇಲೆ ತೂತುಗಳು. ಒಳಹಾಳೆಗಳ ಮಡಿಕೆಯಲ್ಲಿರುವ ಪಿನ್ನಿನ ತೂತುಗಳು ತಲೆಯ ಅಂಚಿನಿಂದ ಎಷ್ಟು ಮಿಲಿಮೀಟರಿನಲ್ಲಿವೆ ಎಂದು ಅಳೆದು, ರಟ್ಟಿನ ತೂತುಗಳ ಜೊತೆ ತಾಳೆ ನೋಡಬೇಕು. ಒಳಗೆ ಎರಡು ಜೊತೆ ತೂತು, ರಟ್ಟಿನಲ್ಲಿ ಒಂದೇ ಜೊತೆ ಇದ್ದರೆ ರಟ್ಟು ಬೇರೆ ಪ್ರತಿಯಿಂದ ಬಂದದ್ದೆಂದು ಅನುಮಾನಿಸಲೇಬೇಕು. ಹಳೇ ಪುಸ್ತಕದ ಅಂಗಡಿಗಳಲ್ಲಿ ರಟ್ಟು ಹೋದ ಸಂಚಿಕೆಗೆ ಸಿಕ್ಕ ರಟ್ಟು ಹಾಕಿ ಪಿನ್ನು ಹೊಡೆಯುವುದು ಹೊಸದಲ್ಲ. ರಟ್ಟಿನ ಮೇಲಿನ ಸಂಖ್ಯೆ ನಂಬಿ ಒಳಗಿನ ಕಥೆಯನ್ನು ಪಟ್ಟಿಗೆ ಸೇರಿಸಿದರೆ ತಪ್ಪು ಅಲ್ಲಿಂದಲೇ ಹಬ್ಬುತ್ತದೆ. ದಬ್ಬಣದ ಸಂಪುಟದಲ್ಲಂತೂ ಬೆನ್ನಿನಿಂದ ಐದಾರು ಮಿಲಿಮೀಟರ್ ಒಳಗೆ ಹೊಲಿಗೆಯ ತೂತುಗಳ ಸಾಲೇ ಇರುತ್ತದೆ, ಜೊತೆಗೆ ಮೂರು ಅಂಚನ್ನೂ ಕತ್ತರಿಸಿರುತ್ತಾರೆ. ಚೌಕಗಳ ಹೊರಗೆರೆಯೇ ಕಡಿದುಹೋಗಿದೆಯೇ ಎಂಬುದನ್ನೂ ಬರೆದಿಡಬೇಕು.

ಹುಳ, ಬೂಷ್ಟು

ಕರಾವಳಿ, ಮಲೆನಾಡಿನ ಅಟ್ಟದಿಂದ ಬಂದ ಕಟ್ಟನ್ನು ನೇರ ಕೆಲಸದ ಕೋಣೆಗೆ ತರಬಾರದು. ಬೂಷ್ಟು ಒದ್ದೆಯಾಗಿ ಮೆತ್ತುತ್ತಿದ್ದರೆ ಮೊದಲು ಒಣಗಿಸಬೇಕು: ನೆರಳು, ಫ್ಯಾನಿನ ಗಾಳಿ, ಬಿಸಿಲು ಬೇಡ. ಒಣಗಿ ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ತೆಗೆಯುವುದು. ಒದ್ದೆಯಿದ್ದಾಗ ಉಜ್ಜಿದರೆ ಬಣ್ಣದ ಕಲೆ ಕಾಗದದೊಳಕ್ಕೆ ಇಳಿಯುತ್ತದೆ.

ಹುಳಕ್ಕೆ ಫ್ರೀಜರ್ ಸಾಕು. ಜಿಪ್ ಕವರಿನಲ್ಲಿ ಗಾಳಿ ತೆಗೆದು ಭದ್ರವಾಗಿ ಮುಚ್ಚಿ, ಮನೆಯ ಫ್ರಿಜ್ಜಿನ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಕವರ್ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವ ತಣ್ಣನೆಯ ಕಾಗದದ ಮೇಲೆ ನೀರಾಗಿ ಕೂರುತ್ತದೆ. ನುಸಿಗುಳಿಗೆ ಬೇಡ, ಬೇವಿನೆಲೆಯೂ ಬೇಡ. ಮೊದಲನೆಯದು ಉಸಿರಿಗೆ ಕೆಟ್ಟದ್ದು, ಎರಡನೆಯದು ಕಲೆ ಬಿಡುತ್ತದೆ.

ಪಿನ್ನು ಮತ್ತು ಟೇಪು

ಪಿನ್ನನ್ನು ನಡುಹಾಳೆಯ ಕಡೆಯಿಂದ ತೆಗೆಯಬೇಕು. ಅಂಗಡಿಯ ಪಿನ್ ತೆಗೆಯುವ ಇಕ್ಕಳ ಇಲ್ಲಿ ಶತ್ರು, ಕಾಗದವನ್ನೇ ಸನ್ನೆಯ ಆಧಾರ ಮಾಡಿಕೊಂಡು ಹರಿಯುತ್ತದೆ. ಪಿನ್ನಿನ ಕಾಲಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ತೂರಿಸಿ, ಅದರ ಮೇಲೆ ಮೊಂಡು ತುದಿಯ ತೆಳು ಸ್ಪ್ಯಾಚುಲಾ ಇಟ್ಟು ಒಂದೊಂದೇ ಕಾಲನ್ನು ನೆಟ್ಟಗೆ ಮಾಡುವುದು. ತುಕ್ಕಿನಿಂದ ಕಾಲು ಕಾಗದಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಣ್ಣ ವೈರ್ ಕಟರಿನಲ್ಲಿ ಕಾಲು ತುಂಡರಿಸಿ, ಬೆನ್ನಿನ ಕಡೆಯಿಂದ ಉಳಿದದ್ದನ್ನು ಹೊರಗೆ ತೆಗೆಯಿರಿ. ಪಿನ್ನಿನ ಸುತ್ತ ಕಾಣುವ ಕಂದು ಕಲೆಯ ಜಾಗದಲ್ಲಿ ಕಬ್ಬಿಣ ಕಾಗದದ ನಾರನ್ನು ತಿಂದಿರುತ್ತದೆ, ಬೆರಳು ತಾಗಿದರೂ ಉದುರುತ್ತದೆ. ಮೇಲಿನ ಪುಡಿಯನ್ನು ಬ್ರಷ್ಷಿನಲ್ಲಿ ತೆಗೆದರೆ ಸಾಕು. ನಿಂಬೆರಸ, ತುಕ್ಕು ತೆಗೆಯುವ ದ್ರಾವಣ ಎಂದು ಶುರುಮಾಡಿದರೆ ತೂತು ದೊಡ್ಡದಾಗುತ್ತದೆ ಅಷ್ಟೆ.

ಟೇಪು ಹೆಚ್ಚು ಕಷ್ಟದ್ದು. ಹಳೆಯ ಸೆಲ್ಲೋಟೇಪಿನ ರಬ್ಬರ್ ಅಂಟು ಮೊದಲು ಜಿಗುಟಾಗುತ್ತದೆ, ಎಣ್ಣೆಯ ಹಾಗೆ ಕಾಗದದೊಳಗೆ ಇಳಿಯುತ್ತದೆ, ಕೊನೆಗೆ ಗಟ್ಟಿಯಾಗಿ ಹಳದಿ ಕಲೆ ಉಳಿಯುತ್ತದೆ, ಮೇಲಿನ ಪಟ್ಟಿ ತಾನೇ ಬೀಳುತ್ತದೆ. ಯಾವ ಹಂತದಲ್ಲಿದೆ ಎಂದು ನೋಡಿಯೇ ಕೈ ಹಾಕಬೇಕು. ಇನ್ನೂ ಜಿಗುಟಾಗಿರುವ ಟೇಪಿಗೆ ಬಿಸಿ ಸ್ಪ್ಯಾಚುಲಾ, ಸುಮಾರು 60 ಡಿಗ್ರಿ. ಒಂದು ಮೂಲೆ ಬಿಡಿಸಿ, ಟೇಪನ್ನು ಮೇಲಕ್ಕೆ ಎತ್ತದೆ ಅದರ ಮೇಲೇ ಹಿಂದಕ್ಕೆ ಮಡಚಿ, ಕಾಗದಕ್ಕೆ ಸಮಾನಾಂತರವಾಗಿ ನಿಧಾನ ಎಳೆಯಬೇಕು. ಮೇಲಕ್ಕೆ ಎತ್ತಿದರೆ ಮುದ್ರಣದ ಕಪ್ಪು ಗೆರೆ ಟೇಪಿನ ಜೊತೆಯೇ ಬರುತ್ತದೆ. ಉಳಿದ ಅಂಟನ್ನು ಕ್ರೇಪ್ ರಬ್ಬರಿನ ತುಂಡಿನಿಂದ ಉಂಡೆ ಮಾಡಿ ಎತ್ತಬಹುದು. ಒಳಗಿಳಿದ ಹಳದಿ ಕಲೆಗೆ ಸಾಲ್ವೆಂಟ್ ಬೇಕು, ಅದು ಸಂರಕ್ಷಣಾ ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಥಿನ್ನರ್ ಹಾಕಿದವರ ಪುಟದಲ್ಲಿ ಕೆಂಪು ಬಣ್ಣ ಹಿಂದಿನ ಪುಟಕ್ಕೂ ಹರಿದಿರುತ್ತದೆ.

ಸೀಳಿಗೆ ಅಂಟು, ಕಾಗದ

ಒಳಹಾಳೆ ಅಗ್ಗದ ಕಾಗದ. ಮರವನ್ನು ಯಂತ್ರದಲ್ಲಿ ಅರೆದು ಮಾಡಿದ ಇಂಥ ಕಾಗದದಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿ ಅದು ಆಮ್ಲವಾಗಿ ಹಳದಿಯಾಗುತ್ತದೆ, ನಾರು ಗಿಡ್ಡವಾಗಿ ಮುರಿಯುತ್ತದೆ. ಇದಕ್ಕೆ ಗಟ್ಟಿ ಅಂಟು ಹಾಕಿದರೆ ಅಂಟಿದ ಜಾಗ ನಿಲ್ಲುತ್ತದೆ, ಅದರ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಫೆವಿಕಾಲ್ ಬೇಡ ಎನ್ನುವುದು ಇದಕ್ಕೇ: ಒಣಗಿದರೆ ಕಾಗದಕ್ಕಿಂತ ಗಟ್ಟಿ, ಮತ್ತೆ ನೀರಿನಲ್ಲಿ ಬಿಡುವುದಿಲ್ಲ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಚ್ಚಲು ಬರುವಂತಿರಬೇಕು ಎಂಬುದು ಈ ಕೆಲಸದ ಮೊದಲ ನಿಯಮ.

ಬೇಕಾದದ್ದು ಗೋಧಿ ಪಿಷ್ಟದ ಅಂಟು ಮತ್ತು ಜಪಾನಿನ ಕೋಜೊ ಕಾಗದ. ಪೋಸ್ಟರ್ ಅಂಟಿಸುವ ಮೈದಾ ಗಂಜಿ ಇದಕ್ಕೆ ಆಗದು. ಮೈದಾದಲ್ಲಿ ಗ್ಲುಟೆನ್ ಇದೆ, ಹಳದಿಯಾಗುತ್ತದೆ, ಸಿಲ್ವರ್‌ಫಿಶ್ ಹುಳಕ್ಕೆ ಹಬ್ಬ. ಶುದ್ಧ ಗೋಧಿ ಪಿಷ್ಟ ಸಿಗದಿದ್ದರೆ ಗೋಧಿ ಹಲ್ವಕ್ಕೆ ಹಾಲು ತೆಗೆಯುವ ಹಾಗೆಯೇ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಾತ್ರಿಯಿಡೀ ಇಟ್ಟು ಮೇಲಿನ ನೀರು ಚೆಲ್ಲಿ, ಮತ್ತೆರಡು ಸಲ ನೀರು ಹಾಕಿ ತಿಳಿಯಾಗಿಸಿ ಅಡಿಯ ಬಿಳಿ ಪುಡಿಯನ್ನು ಒಣಗಿಸಿಕೊಳ್ಳಬಹುದು.

2 ಚಮಚ ಪಿಷ್ಟಕ್ಕೆ 8ರಿಂದ 10 ಚಮಚ ಶುದ್ಧೀಕರಿಸಿದ ನೀರು. ಒಂದು ಗಂಟೆ ನೆನೆಯಲಿ. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕೈಬಿಡದೆ ಕಲಕುತ್ತ 20ರಿಂದ 30 ನಿಮಿಷ ಬೇಯಿಸಬೇಕು. ಹಾಲಿನ ಬಿಳುಪು ಹೋಗಿ ಪಾರದರ್ಶಕ ಬೂದು ಬಣ್ಣ ಬಂದರೆ ಆಯಿತು. ಪೂರ್ತಿ ಆರಿದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ, ಬೇಕಾದಷ್ಟನ್ನು ಮಾತ್ರ ನೀರು ಬೆರೆಸಿ ಮೊಸರಿನ ಹದಕ್ಕೆ ತರುವುದು. ಫ್ರಿಜ್ಜಿನಲ್ಲಿ ವಾರಕ್ಕಿಂತ ಹೆಚ್ಚು ಇಡಬೇಡಿ, ಹುಳಿ ವಾಸನೆ ಬಂದರೆ ಚೆಲ್ಲಿ.

ಕೋಜೊ ಕಾಗದ ಚದರ ಮೀಟರಿಗೆ 5 ಗ್ರಾಮಿನದು ಒಳಪುಟಕ್ಕೆ, 10ರಿಂದ 12 ಗ್ರಾಮಿನದು ಮಡಿಕೆಗೆ ಮತ್ತು ರಟ್ಟಿಗೆ. ಕತ್ತರಿಯಲ್ಲಿ ಕತ್ತರಿಸಬಾರದು. ಅಳತೆಗೋಲಿನ ಪಕ್ಕ ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು, ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಅಂಚಿನಲ್ಲಿ ನಾರು ಚಾಚಿಕೊಂಡು ಹರಿಯುತ್ತದೆ. ಆ ನಾರೇ ಹಿಡಿತ. ಪಟ್ಟಿಯ ಅಗಲ 5ರಿಂದ 8 ಮಿಲಿಮೀಟರ್, ಮಡಿಕೆಗೆ 20.

ಕಾಮಿಕ್ಸ್ ಪುಟದ ತೊಂದರೆ ಏನೆಂದರೆ ಎರಡೂ ಬದಿಯಲ್ಲಿ ಚಿತ್ರವಿದೆ, ಅಂಟಿಸಲು ಖಾಲಿ ಬೆನ್ನಿಲ್ಲ. ಸೀಳು ಯಾವ ಬದಿಯಲ್ಲಿ ಬಿಳಿ ಜಾಗದ ಮೂಲಕ, ಅಂದರೆ ಚೌಕಗಳ ನಡುವಿನ ಸಂದಿನಲ್ಲಿ ಹೋಗುತ್ತದೋ ಆ ಬದಿಗೆ ಪಟ್ಟಿ ಹಾಕಬೇಕು. ಸೀಳಿನ ಎರಡು ಅಂಚು ಓರೆಯಾಗಿ ಹರಿದಿದ್ದರೆ ಯಾವುದು ಮೇಲೆ ಕೂರಬೇಕು ಎಂದು ಒಣಗಿರುವಾಗಲೇ ಜೋಡಿಸಿ ನೋಡಿ. ತಪ್ಪಾಗಿ ಕೂರಿಸಿದರೆ ಬಿಳಿ ಗೆರೆಯೊಂದು ಚಿತ್ರದ ಮಧ್ಯೆ ಕಾಣುತ್ತಲೇ ಇರುತ್ತದೆ.

ಅಂಟನ್ನು ಪುಟಕ್ಕೆ ಹಚ್ಚುವುದಿಲ್ಲ, ಪಟ್ಟಿಗೆ ಹಚ್ಚುವುದು. ಹಚ್ಚಿದ ಪಟ್ಟಿಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಅರ್ಧ ನಿಮಿಷ ಇಟ್ಟು ಹೆಚ್ಚಿನ ನೀರು ಹೀರಿಸಿ ಆಮೇಲೆ ಚಿಮಟದಲ್ಲಿ ಎತ್ತಿ ಕೂರಿಸಬೇಕು. ನೀರು ಹೆಚ್ಚಾದರೆ ಈ ಕಾಗದದಲ್ಲಿ ಕಂದು ಅಂಚಿನ ನೀರುಗೆರೆ ಮೂಡುತ್ತದೆ, ಅದು ಮತ್ತೆ ಹೋಗದು. ಕೂರಿಸಿದ ಮೇಲೆ ಕೆಳಗೂ ಮೇಲೂ ನೇಯದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಪೇಪರ್, ಗಾಜಿನ ತುಂಡು, ಸುಮಾರು ಒಂದು ಕಿಲೋ ಭಾರ. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಪೇಪರ್ ಬದಲಿಸಿ ರಾತ್ರಿಯಿಡೀ ಬಿಡುವುದು. ಬೇಕಿಂಗ್ ಪೇಪರನ್ನು ಎರಡೂ ಕಡೆ ಹಾಕಬೇಡಿ, ಅಂಟದು ನಿಜ, ತೇವವನ್ನೂ ಹೊರಗೆ ಬಿಡದು.

ತುಂಬ ಮುರುಕಲಾದ ಹಾಳೆಗೆ ಒಣ ಪಟ್ಟಿಯ ವಿಧಾನ ಮೇಲು. ಪ್ಲಾಸ್ಟಿಕ್ ಹಾಳೆಯ ಮೇಲೆ ಕೋಜೊ ಹರಡಿ ತೆಳು ಅಂಟು ಬಳಿದು ಪೂರ್ತಿ ಒಣಗಿಸಿಡುವುದು, ಬೇಕಾದಾಗ ಪಟ್ಟಿ ಹರಿದು ಒದ್ದೆ ಸ್ಪಂಜಿಗೆ ಒಮ್ಮೆ ತಾಗಿಸಿ ಅಂಟಿಸುವುದು. ಪುಟಕ್ಕೆ ಹೋಗುವ ನೀರು ಕೂದಲೆಳೆಯಷ್ಟು.

ಹಾಳೆ ತೊಳೆದು ಆಮ್ಲ ತೆಗೆಯುವ ಕ್ಷಾರದ ಸ್ನಾನದ ಬಗ್ಗೆ ಕೇಳುವವರಿದ್ದಾರೆ. ಬಣ್ಣ ನೀರಿಗೆ ಬಿಡುತ್ತದೆಯೇ ಎಂದು ಪ್ರತಿ ಬಣ್ಣಕ್ಕೂ ಪರೀಕ್ಷೆ ಬೇಕು, ಒದ್ದೆ ಹಾಳೆ ಎತ್ತುವ ಕೈ ಪಳಗಿರಬೇಕು. ಮನೆಯಲ್ಲಿ ಬೇಡ.

ಹೊಲಿಯುವ ಮೊದಲು ಸ್ಕ್ಯಾನ್

ಹಾಳೆಗಳು ಬಿಡಿಯಾಗಿರುವಾಗಲೇ ಸ್ಕ್ಯಾನ್ ಮಾಡಿದರೆ ಮಡಿಕೆಯೊಳಗಿನ ಅಂಚೂ ಸಿಗುತ್ತದೆ. ಸಿಸಿಡಿ ಸಂವೇದಕದ ಫ್ಲಾಟ್‌ಬೆಡ್ ಒಳ್ಳೆಯದು. ಅಗ್ಗದ ತೆಳು ಸ್ಕ್ಯಾನರುಗಳ ಸಿಐಎಸ್ ಸಂವೇದಕಕ್ಕೆ ಆಳವಿಲ್ಲ, ಗಾಜಿನಿಂದ ಎರಡು ಮಿಲಿಮೀಟರ್ ಎದ್ದ ಮಡಿಕೆಯೂ ಮಸುಕಾಗುತ್ತದೆ.

600 ಡಿಪಿಐ (ಇಂಚಿಗೆ 600 ಪಿಕ್ಸೆಲ್), 24 ಬಿಟ್ ಬಣ್ಣ, ಟಿಫ್ ಫೈಲು. ಎ-4 ಗಾಜು ಪೂರ್ತಿ ತುಂಬಿದರೆ ಕುಗ್ಗಿಸದ ಫೈಲು ಸುಮಾರು 104 ಎಂಬಿ, ರಟ್ಟಿನ ನಾಲ್ಕು ಬದಿ ಸೇರಿ 36 ಪುಟಕ್ಕೆ 3.7 ಜಿಬಿ ಲೆಕ್ಕ ಇಟ್ಟುಕೊಳ್ಳಿ. ಸ್ಕ್ಯಾನರಿನ ಶಾರ್ಪನಿಂಗ್, ಡಿಸ್ಕ್ರೀನ್ (ಮುದ್ರಣದ ಚುಕ್ಕಿ ಅಳಿಸುವುದು), ತಾನಾಗಿ ಬಣ್ಣ ತಿದ್ದುವ ಸೌಲಭ್ಯ ಎಲ್ಲ ಆಫ್. ಹಾಳೆಯ ಹಿಂದೆ ಮಂದ ಕಪ್ಪು ಕಾಗದ ಇಡಬೇಕು. ಬಿಳಿ ಮುಚ್ಚಳ ಇದ್ದರೆ ಬೆಳಕು ವಾಪಸು ಬಂದು ಹಿಂದಿನ ಪುಟದ ಚಿತ್ರ ಮುಂದಿನ ಪುಟದಲ್ಲಿ ನೆರಳಾಗಿ ಕಾಣುತ್ತದೆ.

300ಕ್ಕೆ ಇಳಿಸಿದರೆ ಸಾಲದೇ? ಸಾಲದು. ಅಗ್ಗದ ಕಾಗದದಲ್ಲಿ ಬಣ್ಣದ ಚುಕ್ಕಿಗಳು ಇಂಚಿಗೆ ಸುಮಾರು 85 ಸಾಲು. 600ರಲ್ಲಿ ಒಂದು ಚುಕ್ಕಿಗೆ 7 ಪಿಕ್ಸೆಲ್ ಸಿಗುತ್ತದೆ. 300ರಲ್ಲಿ ಮೂರೂವರೆ, ಆಗ ಚುಕ್ಕಿಯ ಜಾಲ ಪಿಕ್ಸೆಲ್ಲಿನ ಜಾಲಕ್ಕೆ ಬಡಿದು ಅಲೆಅಲೆಯ ವಿನ್ಯಾಸ ಏಳುತ್ತದೆ. ಓದುವ ಪ್ರತಿ ಬೇಕಿದ್ದರೆ 600ರ ಮೂಲಕ್ಕೆ ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಒಂದೂವರೆ–ಎರಡು ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು ಆಮೇಲೆ ಅರ್ಧಕ್ಕೆ ಇಳಿಸಿ. ಕಾಗದವನ್ನು ಹಾಲಿನಂತೆ ಬಿಳಿ ಮಾಡುವ ಚಟ ಬೇಡ. ಹಾಗೆ ಮಾಡಿದವರ ಪ್ರತಿಯಲ್ಲಿ ತೆಳು ಹಳದಿ ಚುಕ್ಕಿಯೂ ಮಾಯವಾಗಿ ಚರ್ಮದ ಬಣ್ಣವೆಲ್ಲ ಗುಲಾಬಿಯಾಗಿರುತ್ತದೆ.

ಫೈಲಿನ ಹೆಸರು: ಸರಣಿ, ಭಾಷೆ, ಸಂಚಿಕೆ ಮೂರಂಕಿಯಲ್ಲಿ, ಪುಟ ಎರಡಂಕಿಯಲ್ಲಿ. 7 ಎಂದಲ್ಲ, 007. ಇಲ್ಲದಿದ್ದರೆ ಕಂಪ್ಯೂಟರು 10ನ್ನು 2ರ ಮುಂದೆ ತಂದಿಡುತ್ತದೆ.

ತಾರೀಖು ಹಿಡಿಯುವುದು

ರಟ್ಟಿಲ್ಲದ ಸಂಚಿಕೆಗೆ ಎರಡು ಗಡಿ ಹುಡುಕಬೇಕು: ಇದಕ್ಕಿಂತ ಮುಂಚಿನದಲ್ಲ, ಇದಕ್ಕಿಂತ ಈಚಿನದಲ್ಲ.

ಮೊದಲ ಗಡಿಗೆ ಜಾಹೀರಾತಿನ ವಿಳಾಸ ನೋಡಿ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಮುಂಚಿನದಾಗಲು ಸಾಧ್ಯವಿಲ್ಲ, ಪಿನ್‌ಕೋಡ್ ಬಂದದ್ದೇ ಅಂದು. ‘ಬೊಂಬಾಯಿ-1’, ‘ಬೆಂಗಳೂರು-2’ ಎಂಬಂಥ ವಿಳಾಸ ಅದಕ್ಕೂ ಹಿಂದಿನ ಪದ್ಧತಿ. ‘ಕರ್ನಾಟಕ’ ಎಂದು ರಾಜ್ಯದ ಹೆಸರಿದ್ದರೆ 1973ರ ನವೆಂಬರ್ 1ರ ಈಚೆಗೆ ಎಂದು ಬಹುಮಟ್ಟಿಗೆ ಹೇಳಬಹುದು. ಬೆಲೆ ‘ನಯೇ ಪೈಸೆ’ಯಲ್ಲಿ ಇದ್ದರೆ ಇನ್ನೂ ಒಳ್ಳೆಯ ಸುಳಿವು, ಅದು ಎರಡನೆಯ ಗಡಿಗೆ. ಆ ‘ನಯೇ’ಯನ್ನು ಸರ್ಕಾರ ಕೈಬಿಟ್ಟದ್ದು 1964ರ ಜೂನ್ 1ರಂದು, ಇಂದ್ರಜಾಲ ಹುಟ್ಟಿ ಮೂರು ತಿಂಗಳಿಗೆ.

ಈ ಸುಳಿವುಗಳು ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ ಎಂಬುದು ಮರೆಯಬಾರದು. ಪಿನ್‌ಕೋಡ್ ಇದ್ದರೆ 1972ರ ಈಚೆಗೆ, ಅದು ಖಂಡಿತ. ಪಿನ್‌ಕೋಡ್ ಇಲ್ಲದಿದ್ದರೆ 1972ರ ಹಿಂದೆ ಎನ್ನುವಂತಿಲ್ಲ. ಜಾಹೀರಾತುದಾರರು ಹಳೆಯ ಅಚ್ಚಿನ ಬ್ಲಾಕನ್ನೇ ವರ್ಷಗಟ್ಟಲೆ ಬಳಸುತ್ತಿದ್ದರು. ‘ಮೈಸೂರು ರಾಜ್ಯ’ ಎಂದಿರುವ ವಿಳಾಸವೂ ಅಷ್ಟೇ. ಎರಡನೆಯ ಗಡಿ ಬೇಕಾದರೆ ಬಾಡಿಗೆ ಲೈಬ್ರರಿಯ ದಿನಾಂಕದ ಮೊಹರು, ಹುಟ್ಟುಹಬ್ಬಕ್ಕೆ ಕೊಟ್ಟ ಪ್ರತಿಯ ಮೇಲಿನ ಇಸವಿ. ರಬ್ಬರಿನಲ್ಲಿ ಉಜ್ಜಿ ‘ಸ್ವಚ್ಛ’ ಮಾಡುವ ಮುಂಚೆ ಇವನ್ನು ಬರೆದುಕೊಂಡಿದ್ದೀರಿ ತಾನೇ?

ಇಂದ್ರಜಾಲದ ಒಳಗೇ ಕೆಲವು ಮೈಲಿಗಲ್ಲುಗಳಿವೆ. ಮೊದಲ 32 ಸಂಚಿಕೆಗಳು ಪೂರ್ತಿ ಫ್ಯಾಂಟಮ್ ಎಂಬ ಮುಸುಕಿನ ನಾಯಕನ ಕಥೆಗಳು. ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕಿರ್ಬಿ ಮೊದಲಾದ ಕಥಾನಾಯಕರು ಅದರ ಈಚೆಗೆ. ಆಬಿದ್ ಸುರ್ತಿ ಸೃಷ್ಟಿಸಿದ ಬಹಾದೂರ್ ಕಾಣಿಸಿಕೊಂಡದ್ದು 1976ರ ಡಿಸೆಂಬರಿನಲ್ಲಿ, ಹಾಗಾಗಿ ಒಳಗೆ ಬಹಾದೂರನ ಮುಂದಿನ ಸಂಚಿಕೆಯ ಜಾಹೀರಾತಿದ್ದರೂ ಸಾಕು. ಪಟ್ಟಿ ಮಾಡುವವರಿಗೆ ಒಂದು ಮಾತು: 123 ಮತ್ತು 124 ಸಂಖ್ಯೆಗಳು ಅಚ್ಚಾಗಲೇ ಇಲ್ಲ. ಅವುಗಳಿಗಾಗಿ ಬೆಂಗಳೂರಿನ ಹಳೇ ಪುಸ್ತಕದಂಗಡಿಗಳ ಅವೆನ್ಯೂ ರಸ್ತೆ ಸುತ್ತಬೇಡಿ.

ಅಮರ ಚಿತ್ರ ಕಥೆಯಲ್ಲಿ ಬಲೆ ಬೇರೆ, ಅಲ್ಲಿ ಮರುಮುದ್ರಣದ್ದೇ ತೊಡಕು. ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ದ ಮೂಲ ಸಂಖ್ಯೆ 11. ಮುಂದೆ ಸರಣಿಗೆ ಹೊಸ ಸಂಖ್ಯೆ ಕೊಟ್ಟಾಗ ಅದೇ 501 ಆಯಿತು. 500ರ ಮೇಲಿನ ಸಂಖ್ಯೆ ಕಂಡರೆ ಅದು ಹಳೆಯದಲ್ಲ ಎಂದೇ ಹಿಡಿಯಿರಿ. ಪ್ರಕಾಶಕರ ಜಾಗದಲ್ಲಿ ಎಸಿಕೆ ಮೀಡಿಯಾ ಇದ್ದರೆ 2007 ಅಥವಾ ಅದರ ಈಚೆಗಿನದು.

ಇನ್ನು 1ರಿಂದ 10ರವರೆಗಿನವು. ಸಿಂಡ್ರೆಲಾ, ಅಲ್ಲಾದೀನ್, ಪಿನೋಕಿಯೊ ಥರದ ಹೊರಗಿನ ಕಥೆಗಳು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಂ ಅವರ ಯೋಚನೆಯಿಂದ 1965ರಲ್ಲಿ ಕನ್ನಡದಲ್ಲೇ ಮೊದಲು ಬಂದವು, ಇಂಗ್ಲಿಷ್ ಸರಣಿ 11ರಿಂದ ಶುರುವಾಗುವುದು ಅದಕ್ಕೇ. ಸರಣಿಯ ಸಂಪಾದಕ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು ಜನಜನಿತವಾಯಿತು, ಅನಂತರಾಂ ಹೆಸರು ಕನ್ನಡಿಗರಿಗೇ ಅಷ್ಟಾಗಿ ತಿಳಿಯದು. ಕಟ್ಟಿನಲ್ಲಿ ಈ ಹತ್ತರಲ್ಲಿ ಒಂದು ಸಿಕ್ಕರೂ ಎಷ್ಟೇ ಹರಿದಿರಲಿ, ರಟ್ಟಿನ ಒಳಬದಿಯ ಮುದ್ರಣದ ಸಾಲನ್ನು ಮೊದಲು ಸ್ಕ್ಯಾನ್ ಮಾಡಿ.

ಯಾರ ಕೈ?

ಅಮರ ಚಿತ್ರ ಕಥೆಯಲ್ಲಿ ಈ ಕೆಲಸ ಹಗುರ, ಬಹುಪಾಲು ಸಂಚಿಕೆಗಳಲ್ಲಿ ಕಥೆ ಮತ್ತು ಚಿತ್ರದ ಹೆಸರು ಅಚ್ಚಾಗಿದೆ. ಅಲ್ಲಿ ಹೆಸರು ಗೊತ್ತಾದ ಕೈಯನ್ನು ಬೇರೆ ಕಡೆ ಗುರುತಿಸಬಹುದು. ಪ್ರತಾಪ್ ಮುಳಿಕ್ ಅಮರ ಚಿತ್ರ ಕಥೆಯ ಪುರಾಣಗಳನ್ನೂ ಬಿಡಿಸಿದರು, 1980ರ ದಶಕದಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜನನ್ನೂ ಬಿಡಿಸಿದರು. ವಾಯೀರ್ಕರ್ ‘ಕೃಷ್ಣ’ದ ಜೊತೆಗೆ ಮಕ್ಕಳ ಪತ್ರಿಕೆ ಟಿಂಕಲ್‌ನ ಸುಪ್ಪಂಡಿಯನ್ನೂ ಬಿಡಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಮುಖವಲ್ಲ. ಮುಖ ಪಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಕೈಬೆರಳು, ಬಟ್ಟೆಯ ಮಡಿಕೆ, ಹಿನ್ನೆಲೆಯ ಎಲೆ, ಕಲ್ಲು ನೋಡಿ. ಕಲಾವಿದ ಯೋಚಿಸದೆ ಬಿಡಿಸುವ ಜಾಗ ಅದು. ಚಂದಮಾಮದವರಿಗೆ ಈ ಕಷ್ಟವಿರಲಿಲ್ಲ, ಶಂಕರ್, ಚಿತ್ರಾ, ವಪಾ ಎಂದು ಚಿತ್ರದ ಮೂಲೆಯಲ್ಲೇ ಸಹಿ ಇರುತ್ತಿತ್ತು.

ಇಂದ್ರಜಾಲದ ಫ್ಯಾಂಟಮ್ ಅಮೆರಿಕದ ದಿನಪತ್ರಿಕೆಗಳಲ್ಲಿ ಬಂದ ಪಟ್ಟಿಚಿತ್ರವನ್ನು ಕತ್ತರಿಸಿ ಪುಸ್ತಕದ ಪುಟಕ್ಕೆ ಹೊಂದಿಸಿದ್ದು. ಕಥೆ ಲೀ ಫಾಕ್ ಅವರದು ಎನ್ನುವುದಷ್ಟು ಸುಲಭ. ಚಿತ್ರ ಯಾರದು? 1936ರ ಫೆಬ್ರವರಿಯಲ್ಲಿ ಶುರುಮಾಡಿದ ರೇ ಮೂರ್ ಕೈಯಲ್ಲಿ ಸಣ್ಣ ನಿಬ್ಬಿನ ಗೀಚು, ದಟ್ಟ ನೆರಳು. ಅವರ ನಂತರದ ವಿಲ್ಸನ್ ಮೆಕಾಯ್ ಗೆರೆ ಸರಳ: ನೆರಳು ಕಮ್ಮಿ, ಹಿನ್ನೆಲೆ ಖಾಲಿ, ಮುಖ ದುಂಡು. 1961ರಲ್ಲಿ ಅವರು ತೀರಿಕೊಂಡ ಮೇಲೆ ಬಿಲ್ ಲಿನ್ಯಾಂಟೆ ಕೆಲಕಾಲ, ಆಮೇಲೆ 1994ರವರೆಗೆ ಸೈ ಬ್ಯಾರಿ. ಬ್ಯಾರಿಯ ಗುರುತು ಬ್ರಷ್ಷು. ಸ್ನಾಯುವಿನ ಅಂಚಿನಲ್ಲಿ ಗೆರೆ ದಪ್ಪದಿಂದ ಸಣ್ಣಕ್ಕೆ ಗರಿಯ ಹಾಗೆ ಇಳಿಯುತ್ತದೆ, ಕಪ್ಪು ತುಂಬಿದ ಜಾಗ ಧಾರಾಳ. ಮ್ಯಾಂಡ್ರೇಕ್‌ಗೆ 1964ರ ಕೊನೆಯಲ್ಲಿ ತೀರಿಕೊಳ್ಳುವವರೆಗೆ ಫಿಲ್ ಡೇವಿಸ್, 1965ರಿಂದ ಫ್ರೆಡ್ ಫ್ರೆಡರಿಕ್ಸ್. ರಿಪ್ ಕಿರ್ಬಿಗೆ 1956ರವರೆಗೆ ಅಲೆಕ್ಸ್ ರೇಮಂಡ್, ಬಳಿಕ ಜಾನ್ ಪ್ರೆಂಟಿಸ್. ಇಂದ್ರಜಾಲದ ಸಂಚಿಕೆಯ ಇಸವಿ ನೋಡಿ ಕಲಾವಿದನನ್ನು ಹೇಳಬಾರದು, ಏಕೆಂದರೆ 1960ರ ದಶಕದ ಸಂಚಿಕೆಯಲ್ಲೂ ಹಿಂದಿನ ದಶಕಗಳ ಪಟ್ಟಿಚಿತ್ರ ಬರುತ್ತಿತ್ತು. ಮೊದಲು ಮೂಲಕಥೆ ಯಾವುದೆಂದು ಹಿಡಿದು, ಆ ಮೂಲದ ಇಸವಿಯಿಂದ ಕಲಾವಿದನಿಗೆ ಬರಬೇಕು.

ಮೂಲಕಥೆ ಹಿಡಿಯುವಾಗ ಹೆಸರುಗಳ ಮೇಲೆ ಭರವಸೆ ಇಡಬೇಡಿ. ಭಾರತದ ಓದುಗರಿಗೆ ಇರುಸುಮುರುಸಾಗದಿರಲೆಂದು ಸಂಪಾದಕರು ಫ್ಯಾಂಟಮ್‌ನ ದೇಶದ ಹೆಸರನ್ನು ಡೆಂಕಾಲಿ ಮಾಡಿದರು, ಸಿಂಗ್ ಕಡಲ್ಗಳ್ಳರನ್ನು ಸಿಂಗ ಮಾಡಿದರು. ಹುಡುಕಾಟಕ್ಕೆ ಘಟನೆಗಳ ಸರಪಳಿಯೇ ದಾರಿ.

ಸ್ಕ್ಯಾನನ್ನು ಪರದೆಯಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಇಟ್ಟು ಒಂದು ಚೌಕದ ಅಂಚನ್ನು ನೋಡಿ. ಪತ್ರಿಕೆಯ ಪಟ್ಟಿ ಅಡ್ಡ, ಪುಸ್ತಕದ ಪುಟ ಉದ್ದ. ಹಾಗಾಗಿ ಕೆಲವು ಚೌಕಗಳ ಪಕ್ಕ ಕತ್ತರಿಸಿರುತ್ತಾರೆ, ಕೆಲವಕ್ಕೆ ಮೇಲೆ ಕೆಳಗೆ ಚಿತ್ರ ಬೆಳೆಸಿರುತ್ತಾರೆ. ಬೆಳೆಸಿದ ಕಡೆ ಮರದ ಕಾಂಡ ಇದ್ದಕ್ಕಿದ್ದಂತೆ ತೊಗಟೆ ಕಳೆದುಕೊಳ್ಳುತ್ತದೆ, ಬ್ರಷ್ಷಿನ ಗೆರೆ ನಿಂತು ಒಂದೇ ದಪ್ಪದ ಪೆನ್ನಿನ ಗೆರೆ ಮುಂದುವರಿಯುತ್ತದೆ. ಅದು ಮೂಲ ಕಲಾವಿದನದಲ್ಲ, ಇಲ್ಲಿನ ಕಚೇರಿಯಲ್ಲಿ ಕೂತು ಹೊಂದಿಸಿದ ಅನಾಮಿಕನದು. ಬಣ್ಣವೂ ಹಾಗೆಯೇ: ಫ್ಯಾಂಟಮ್‌ನ ದಿನದ ಪಟ್ಟಿ ಅಮೆರಿಕದಲ್ಲಿ ಕಪ್ಪು-ಬಿಳುಪು. ಅದರಿಂದ ಮಾಡಿದ ಸಂಚಿಕೆಯ ಬಣ್ಣ ಮೂಲದವರದ್ದಲ್ಲ, ದಾಖಲೆಯಲ್ಲಿ ಬಣ್ಣದ ಕಾಲಂ ಬೇರೆಯೇ ಇಡಬೇಕು. 1939ರ ಮೇ 28ರಿಂದ ಬಂದ ಭಾನುವಾರದ ಪಟ್ಟಿಯಲ್ಲಿ ಮಾತ್ರ ಮೂಲದಲ್ಲೇ ಬಣ್ಣವಿತ್ತು. ರಟ್ಟಿನ ಚಿತ್ರವೂ ಬೇರೆ ಕಾಲಂ, ಮೊದಲ ಹಲವು ಸಂಚಿಕೆಗಳ ರಟ್ಟು ಬಿ. ಗೋವಿಂದ್ ಅವರ ಕೈಯದು.

ಕನ್ನಡ ಆವೃತ್ತಿಗೇ ಸೇರಿದ ಇಬ್ಬರು ಉಳಿಯುತ್ತಾರೆ: ಅನುವಾದಕ, ಅಕ್ಷರ ಬರೆದವ. ಮಾತಿನ ಗುಳ್ಳೆಗಳ ಜಾಗ ಇಂಗ್ಲಿಷಿಗೆ ಅಳೆದದ್ದು. ಕನ್ನಡಕ್ಕೆ ಒತ್ತಕ್ಷರ ಇಳಿಯಲು ಸಾಲಿನ ನಡುವೆ ಹೆಚ್ಚು ಜಾಗ ಬೇಕು. ಆ ಇಕ್ಕಟ್ಟನ್ನು ಒಬ್ಬೊಬ್ಬ ಬರಹಗಾರ ಒಂದೊಂದು ರೀತಿ ಬಗೆಹರಿಸುತ್ತಾನೆ. ಒತ್ತಕ್ಷರವನ್ನು ಪಕ್ಕಕ್ಕೆ ತಳ್ಳುತ್ತಾನೋ ಕುಗ್ಗಿಸುತ್ತಾನೋ, ಅರ್ಕಾವೊತ್ತಿನ ಬಾಲ ಎಷ್ಟು ಉದ್ದ, ‘ಳ’ದ ಕೊನೆಯ ಸುತ್ತು ತೆರೆದಿದೆಯೋ ಮುಚ್ಚಿದೆಯೋ. ಹತ್ತು ಸಂಚಿಕೆಗಳಿಂದ ‘ಳ’, ‘ಕ್ಷ’, ‘ರ್’ ಕತ್ತರಿಸಿ ಒಂದೇ ಹಾಳೆಗೆ ಸಾಲಾಗಿ ಅಂಟಿಸಿದರೆ, ಕಂಪ್ಯೂಟರಿನಲ್ಲೇ, ಎಷ್ಟು ಕೈಗಳಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ಹೆಸರು ಸಿಗದಿರಬಹುದು. ‘ಬರಹಗಾರ ಅ’, ‘ಬರಹಗಾರ ಆ’ ಎಂದು ಗುರುತು ಹಾಕಿಟ್ಟರೆ ಮುಂದೆ ಯಾವುದಾದರೂ ಸಂಚಿಕೆಯಲ್ಲಿ ಒಂದು ಹೆಸರು ಸಿಕ್ಕ ದಿನ ಉಳಿದವೆಲ್ಲ ಒಟ್ಟಿಗೆ ತುಂಬಿಕೊಳ್ಳುತ್ತವೆ.

ದಾಖಲೆ, ಹಕ್ಕು

ಜಾಲದಲ್ಲಿರುವ ಕಾಮಿಕ್ಸ್ ಕೋಶ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್‌ನ ಕ್ರಮ ಅನುಸರಿಸುವುದು ಒಳ್ಳೆಯದು: ಕಥೆ, ಪೆನ್ಸಿಲ್, ಶಾಯಿ, ಬಣ್ಣ, ಅಕ್ಷರ ಎಲ್ಲಕ್ಕೂ ಬೇರೆ ಬೇರೆ ಕಾಲಂ, ಅನುಮಾನವಿದ್ದ ಹೆಸರಿನ ಮುಂದೆ ಪ್ರಶ್ನಾರ್ಥಕ. ಅಚ್ಚಾದ ಹೆಸರು, ಸಹಿ, ಶೈಲಿಯ ಊಹೆ, ಈ ಮೂರರಲ್ಲಿ ಯಾವುದರಿಂದ ಬಂತು ಎಂದೂ ಬರೆಯಬೇಕು. ಊಹೆಯನ್ನು ಅಚ್ಚಾದ ಹೆಸರಿನಂತೆ ಬರೆದರೆ ಮುಂದಿನವರು ಅದನ್ನೇ ಆಧಾರ ಮಾಡುತ್ತಾರೆ.

ಸ್ಕ್ಯಾನ್ ಕೈಯಲ್ಲಿದೆ ಎಂದು ಜಾಲಕ್ಕೆ ಏರಿಸುವ ಹಾಗಿಲ್ಲ. ಭಾರತದ ಕಾಯ್ದೆಯಲ್ಲಿ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅನಂತ ಪೈ 2011ರಲ್ಲಿ ತೀರಿಕೊಂಡರು, ಅವರು ಬರೆದ ಕಥೆಗೆ 2071ರ ಕೊನೆಯವರೆಗೆ. ಹೆಸರಿಲ್ಲದ ಕೃತಿಗೆ ಪ್ರಕಟಣೆಯಿಂದ 60 ವರ್ಷ, ಆದರೆ ಆ ಅವಧಿಯೊಳಗೆ ಕರ್ತೃವಿನ ಹೆಸರು ಬಹಿರಂಗವಾದರೆ ಲೆಕ್ಕ ಮತ್ತೆ ಅವರ ಮರಣದಿಂದ. ಅಂದರೆ ಅನಾಮಿಕನನ್ನು ಪತ್ತೆ ಹಚ್ಚಿದರೆ ಅವನ ಹಕ್ಕೂ ಉದ್ದವಾಗಬಹುದು, ಅದು ನ್ಯಾಯವೇ. ಸ್ವಂತ ಅಧ್ಯಯನಕ್ಕೆ ಪ್ರತಿ ಇಟ್ಟುಕೊಳ್ಳಿ, ಪಟ್ಟಿಯನ್ನು ಧಾರಾಳವಾಗಿ ಹಂಚಿ.

ಮರುಜೋಡಣೆ

ಹಳೆಯ ಎರಡು ತೂತುಗಳ ಮೂಲಕವೇ ಬಿಳುಪು ಮಾಡದ ಲಿನನ್ ದಾರ. ನಡುಹಾಳೆಯ ಒಳಗಿನಿಂದ ಮೇಲಿನ ತೂತಿಗೆ ಸೂಜಿ ಹಾಕಿ, ಬೆನ್ನಿನ ಮೇಲೆ ತಂದು, ಕೆಳಗಿನ ತೂತಿನಿಂದ ಒಳಗೆ ಬಂದು ಗಂಟು. ಬಿಗಿದು ಎಳೆದರೆ ದಾರವೇ ಗರಗಸ, ಹಾಳೆ ಸ್ವಲ್ಪ ಆಡುವಷ್ಟು ಸಡಿಲ ಇರಲಿ. ಹೊಸ ತೂತು ಬೇಡ, ಹೊಸ ಪಿನ್ನೂ ಬೇಡ. ತೆಗೆದ ಹಳೆಯ ಪಿನ್ನುಗಳನ್ನು ಸಂಚಿಕೆಯ ಸಂಖ್ಯೆ ಬರೆದ ಸಣ್ಣ ಕವರಿನಲ್ಲಿ ಬೇರೆಯೇ ಇಡಿ.

ಇಡಲು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್, ಹಿಂದೆ ಆಮ್ಲರಹಿತ ರಟ್ಟು. ಪಿವಿಸಿ ಕವರ್ ವಾಸನೆಯಿಂದಲೇ ಗೊತ್ತಾಗುತ್ತದೆ, ಅದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ವಾಲದಷ್ಟು ತುಂಬಿ, ತುರುಕಬೇಡಿ. ಹೊರಗೋಡೆಗೆ ತಾಗಿದ ಕಪಾಟು ಮಳೆಗಾಲದಲ್ಲಿ ಬೆವರುತ್ತದೆ, ಒಳಗೋಡೆಯ ಕಡೆ ಇಡಿ. ಪೆಟ್ಟಿಗೆಯೊಳಗೆ ಒಂದು ಅಗ್ಗದ ಆರ್ದ್ರತೆಯ ಮೀಟರ್ ಇರಲಿ. ಮುಳ್ಳು 65 ಶೇಕಡ ದಾಟಿದರೆ ಸಿಲಿಕಾ ಜೆಲ್ ಬದಲಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆರೆದು ನೋಡಿ.